ಗೂಟದ ಮೇಲಿನ ಗಾಳ

ಹೊಳೆ ತಿರುಗುವ ಕಡೆ ಒಂದು ಮಡು. ಮಡುವಿನ ಮೇಲೆ ಒಂದು ಮಠ. ಮಠವೆಂದರೆ ಗಾಬರಿಯಾಗಬೇಡಿ; ಹುಲ್ಲಿನ ಸೂರು, ಎರಡು ಕಂಬಳಿ, ಒಂದು ಒಲೆ, ಅಷ್ಟೇ. ಗುರು ಕೆಂಚಯ್ಯನವರು ಪ್ರಾಯದಲ್ಲಿ ದೋಣಿ ನಡೆಸಿದವರು. ಮಾತು ಕಡಿಮೆ, ಕಿವಿ ಚುರುಕು.

ಆ ಮಡುವಿಗೊಂದು ಕಟ್ಟಳೆ ಇತ್ತು. ಅಲ್ಲಿ ಗಾಳ ಹಾಕುವವರು ಊರಿಗೆಲ್ಲ ಒಬ್ಬರೇ. ಬಾಣಂತಿಗೋ, ಜ್ವರ ಬಿಟ್ಟು ಎದ್ದವರಿಗೋ ಬೇಕಾದರೆ ಅವರು ಮೀನು ಹಿಡಿದು ಕೊಡಬೇಕು. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ನೀರಿಗೆ ಬಿಡುವುದು ಎಂಬುದು ಗಾಳ ಹಿಡಿದವರ ತೀರ್ಮಾನ. ಅದನ್ನು ಯಾರೂ ಪ್ರಶ್ನಿಸುವಂತಿರಲಿಲ್ಲ.

ನಲವತ್ತು ವರ್ಷ ಆ ಗಾಳವನ್ನು ಕೆಂಚಯ್ಯನವರೇ ಹಿಡಿದರು. ಈಗ ಅವರ ಕೈ ನಡುಗುತ್ತಿತ್ತು.

ಶಿಷ್ಯ ಚೆಲುವಯ್ಯನಿಗೆ ಗೋಡೆಯ ಗೂಟದಲ್ಲಿ ತೂಗುತ್ತಿದ್ದ ಆ ಗಾಳದ ಮೇಲೆ ಕಣ್ಣು. ವಯಸ್ಸು ಮೂವತ್ತೈದು ದಾಟಿತ್ತು, ಏಳು ವರ್ಷದಿಂದ ಮಠಕ್ಕೆ ನೀರು ಹೊತ್ತಿದ್ದ. ಆಸೆಪಟ್ಟರೆ ತಪ್ಪೇನಿಲ್ಲ. ಬಾಯಿಬಿಟ್ಟು ಕೇಳುವ ಧೈರ್ಯ ಮಾತ್ರ ಇರಲಿಲ್ಲ.

ಒಂದು ಬೆಳಿಗ್ಗೆ ಗುರುಗಳೇ ಗಾಳ ಇಳಿಸಿ ಅವನ ಕೈಗಿಟ್ಟರು.

"ಇವತ್ತು ನೀನು ಹೋಗು. ಹ್ಯಾಗೆ ಹಿಡೀತೀಯ ನೋಡ್ತೀನಿ. ಸರಿಹೋದ್ರೆ ಮುಂದಕ್ಕೂ ನಿಂದೇ."

ಚೆಲುವಯ್ಯ ದಾರವನ್ನು ಕೈಗೆ ಸುತ್ತಿಕೊಂಡ. "ಅಯ್ಯಾ, ಯಾವ ಮೀನು ಇಟ್ಕೋಬೇಕು, ಯಾವುದನ್ನ ಬಿಡ್ಬೇಕು?"

"ಮೊದ್ಲು ಕೇರಿ ಸುತ್ತಿ ಬಾ. ಆಮೇಲೆ ಕೈ ಒದ್ದೆ ಮಾಡ್ಕೋ."

"ಅದು ಸರಿ ಅಯ್ಯಾ. ನಾನು ಕೇಳಿದ್ದು ಮೀನಿನ ವಿಷಯ."

"ನಾನು ಹೇಳಿದ್ದೂ ಅದೇ."

ಕೇರಿ ಸುತ್ತುವುದೆಂದರೆ ಹತ್ತು ಬಾಗಿಲ ಮುಂದೆ ನಿಂತು ಹತ್ತು ಜನರ ಸೊಂಟನೋವು ಕೇಳುವುದು. ಏಳು ವರ್ಷ ಕೇಳಿದ್ದಾಗಿದೆ. ಒಂದು ದಿನ ಬಿಟ್ಟರೆ ಹೊಳೆಯೇನು ಹಿಂದಕ್ಕೆ ಹರಿಯುತ್ತದೆಯೇ? ಚೆಲುವಯ್ಯ ನೇರ ಮಡುವಿಗೆ ಇಳಿದ.

ರಾಗಿಮುದ್ದೆಯ ಚೂರನ್ನು ಗಾಳಕ್ಕೆ ಸಿಕ್ಕಿಸಿ ಎಸೆದ. ಬಿಸಿಲೇರುವ ಹೊತ್ತಿಗೆ ದಾರ ಬಿಗಿಯಿತು. ಎಳೆದರೆ ಮೊಣಕೈಗಿಂತ ಉದ್ದದ ಗೆಂಡೆಮೀನು! ಮೈಯೆಲ್ಲ ಹಳದಿ ಹೊಳಪು.

ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದವರು, ಸ್ನಾನಕ್ಕೆ ಬಂದ ದಾರಿಹೋಕರು ಎಲ್ಲ ಓಡಿಬಂದರು.

"ಎಲ್ಲಿ, ಎಲ್ಲಿ, ತೋರ್ಸಪ್ಪಾ!"

ಅವನು ಮೀನನ್ನು ಬಂಡೆಯ ಮೇಲೆ ಮಲಗಿಸಿ ತೋರಿಸಿದ. ಹಿಂದಿದ್ದವರಿಗೆ ಕಾಣಲಿಲ್ಲವೆಂದು ಎರಡೂ ಕೈಯಲ್ಲಿ ಅವುಚಿ ಎತ್ತಿ ತೋರಿಸಿದ. ಇಷ್ಟು ಜನ ಸೇರಿದ ಮೇಲೆ ದಯೆಯ ಬಗ್ಗೆ ನಾಲ್ಕು ಮಾತು ಆಡದಿದ್ದರೆ ಹೇಗೆ? ಅದನ್ನೂ ಆಡಿದ. ಮೀನು ಬಾಯಿ ತೆರೆದು ಮುಚ್ಚುತ್ತಿತ್ತು.

"ಹೋಗು ತಾಯಿ, ನಿನ್ನ ಮನೆಗೆ ಹೋಗು," ಎಂದು ಕೊನೆಗೆ ನೀರಿಗೆ ಬಿಟ್ಟ.

ಮೀನು ಸ್ವಲ್ಪ ಹೊತ್ತು ವಾಲಿಕೊಂಡಿದ್ದು, ಆಮೇಲೆ ಬಾಲ ಆಡಿಸುತ್ತ ಆಳಕ್ಕೆ ಹೋಯಿತು. ಮುದುಕಿಯೊಬ್ಬಳು ಚೆಲುವಯ್ಯನ ಕಾಲು ಮುಟ್ಟಿ ನಮಸ್ಕರಿಸಿದಳು. ಅಲ್ಲಿಂದ ಮಠದವರೆಗೆ ಅವನ ಕಾಲು ನೆಲದ ಮೇಲಿರಲಿಲ್ಲ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು.

"ಕೈ ಒದ್ದೆ ಮಾಡ್ಕೊಂಡಿದ್ಯಾ?"

"ಆ ಗಡಿಬಿಡೀಲಿ ನೆನಪಾಗ್ಲಿಲ್ಲ ಅಯ್ಯಾ."

"ಕೇರಿಗೆ?"

ಚೆಲುವಯ್ಯ ಒಲೆಯ ಕಡೆ ನೋಡಿದ.

ಮಧ್ಯಾಹ್ನ ಕಳೆದ ಮೇಲೆ ಕೇರಿಯ ಕಾಳಮ್ಮ ಮಡಕೆ ಹಿಡಿದು ಬಂದಳು. "ಅಯ್ಯನೋರೇ, ಮಗಳು ಹೆತ್ತು ಒಂಬತ್ತು ದಿನ ಆಯ್ತು. ಎದೇಲಿ ಹಾಲಿಲ್ಲ. ಕೂಸು ಅತ್ತೂ ಅತ್ತೂ ದನಿ ಬಿದ್ದೋಗೈತೆ. ಮೀನಿನ ಸಾರು ಕೊಟ್ರೆ ಹಾಲಿಳೀತದೆ. ಇವತ್ತೇನಾದ್ರೂ ಸಿಕ್ತಾ?"

ಗುರುಗಳು ಶಿಷ್ಯನ ಮುಖ ನೋಡಿದರು.

"ಸಿಕ್ಕಿತ್ತು ಕಾಳಮ್ಮ," ಎಂದ ಚೆಲುವಯ್ಯ. "ಬಿಟ್ಬಿಟ್ಟೆ."

ಗಾಳ ಹಿಡಿದವರ ತೀರ್ಮಾನವನ್ನು ಪ್ರಶ್ನಿಸುವಂತಿಲ್ಲವಲ್ಲ. ಕಾಳಮ್ಮ ಖಾಲಿ ಮಡಕೆ ಹಿಡಿದು ಹಾಗೇ ತಿರುಗಿದಳು. ಎರಡು ಬೈಗುಳ ಬೈದಿದ್ದರೂ ಚೆಲುವಯ್ಯನಿಗೆ ಹಗುರವಾಗುತ್ತಿತ್ತು.

"ಒಂದು ಜೀವ ಆದ್ರೂ ಉಳೀತಲ್ಲ ಅಯ್ಯಾ," ಎಂದ.

"ಬಾ, ನೋಡ್ಕೊಂಡು ಬರೋಣ."

ಮಡುವಿನ ಕೆಳಗೆ ಜೊಂಡು ಬೆಳೆದ ಕಡೆ ಗೆಂಡೆಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಬಿಸಿಲಿಗೆ ಆಗಲೇ ಉಬ್ಬಿತ್ತು. ಎರಡೂ ಪಕ್ಕದಲ್ಲಿ ಹುರುಪೆ ಕಿತ್ತುಬಂದು ಮೈ ಬೆಳ್ಳಗೆ ಕಾಣುತ್ತಿತ್ತು.

"ಆ ಬೆಳ್ಳಗಿನ ಗುರುತಿನ ಮೇಲೆ ಕೈ ಇಟ್ಟು ನೋಡು," ಎಂದರು ಗುರುಗಳು.

ಇಟ್ಟ. ಒಂದೊಂದು ಬೆರಳೂ ಅದರದರ ಜಾಗದಲ್ಲಿ ಸರಿಯಾಗಿ ಕೂತಿತು.

"ಮೀನಿನ ಮೈಮೇಲೆ ಲೋಳೆ ಇರ್ತದಲ್ಲ, ಅದೇ ಅದರ ಕಂಬಳಿ. ಬಂಡೆ ಕಾದಿತ್ತು, ನಿನ್ನ ಕೈ ಒಣಗಿತ್ತು. ಕಂಬಳಿ ನೀನು ಇಟ್ಕೊಂಡೆ, ಮೀನನ್ನ ಬಿಟ್ಟೆ."

ಚೆಲುವಯ್ಯ ಕೆಸರಲ್ಲೇ ಕುಳಿತು ಅತ್ತ. ನೀರಿಗೂ ಆಗಲಿಲ್ಲ, ಸಾರಿಗೂ ಆಗಲಿಲ್ಲ. ಕೂಸಿನ ಹಸಿವು ಹಾಗೇ ಉಳಿಯಿತು.

"ಇನ್ನು ಯಾವುದನ್ನೂ ಬಿಡಲ್ಲ ಅಯ್ಯಾ. ಸಿಕ್ಕಿದ್ದೆಲ್ಲ ಇಟ್ಕೊಂಡು ಕೇರಿಗೆ ಕೊಟ್ಬಿಡ್ತೀನಿ."

"ಬೆಳಿಗ್ಗೆ ದಯೆ ಮಾಡಿದೋನೂ ನೀನೇ, ಈಗ ದಾನ ಮಾಡೋನೂ ನೀನೇ," ಎಂದು ಕೆಂಚಯ್ಯನವರು ನಕ್ಕರು. "ಮೀನನ್ನ ಯಾವಾಗ ನೋಡ್ತೀಯ?"

ಮಠಕ್ಕೆ ಬಂದು ಗಾಳವನ್ನು ಮತ್ತೆ ಗೂಟಕ್ಕೆ ಹಾಕಿದರು. ಏಳು ವರ್ಷದ ಆಸೆ ಅಲ್ಲಿಗೆ ಮುಗಿಯಿತು ಎಂದುಕೊಂಡ ಚೆಲುವಯ್ಯ.

ಮಾರನೆಯ ಬೆಳಿಗ್ಗೆ ಗುರುಗಳು ಏನೂ ಹೇಳಲಿಲ್ಲ. ಅವನೂ ಗಾಳದ ಕಡೆ ನೋಡಲಿಲ್ಲ. ಎದ್ದವನೇ ಕೇರಿಗೆ ಹೋದ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನಿ; ಬಾರದೇ ಹೋಗುವುದಕ್ಕಿಂತ ಅದು ವಾಸಿ.

ಕಾಳಮ್ಮನ ಬಾಗಿಲಲ್ಲಿ ನಿಂತಾಗ ಒಳಗೆ ಕೂಸು ಅಳುತ್ತಿತ್ತು. ಅಳುವೆಂದರೆ ಬರೀ ಉಸಿರು, ದನಿಯೇ ಇಲ್ಲ.

"ಕಾಳಮ್ಮ, ಎಂಥ ಮೀನು ಬೇಕವ್ವ?"

ಅವಳು ಅವನನ್ನು ಅಳೆಯುವಂತೆ ನೋಡಿದಳು. ಆಮೇಲೆ ಅಂಗೈ ಚಾಚಿದಳು. "ಇಷ್ಟುದ್ದದ್ದು ಒಂದಿದ್ರೆ ಸಾಕು ಕಣಪ್ಪ. ದೊಡ್ಡ ಮೀನು ಜಿಡ್ಡು, ಬಾಣಂತಿ ಹೊಟ್ಟೆಗೆ ಆಗಾಕಿಲ್ಲ."

ಅಂದರೆ ನಿನ್ನೆಯದನ್ನು ಇಟ್ಟುಕೊಂಡಿದ್ದರೂ ಇವಳ ಉಪಯೋಗಕ್ಕೆ ಬರುತ್ತಿರಲಿಲ್ಲ. ಚೆಲುವಯ್ಯ ಮಠಕ್ಕೆ ಓಡಿದ.

"ಅಯ್ಯಾ, ಅಂಗೈ ಉದ್ದದ್ದು ಒಂದು ಮೀನು ಬೇಕು."

ಗುರುಗಳು ಗೂಟದ ಕಡೆ ಗದ್ದ ಎತ್ತಿ ತೋರಿಸಿದರು.

ಮಡುವಿಗೆ ಇಳಿದು ಮೊದಲು ಕೈಗಳನ್ನು ಮೊಣಕೈವರೆಗೂ ನೀರಲ್ಲಿ ಅದ್ದಿಕೊಂಡ. ಗಾಳ ಎಸೆದ. ನಿನ್ನೆಯ ಜನ ಇವತ್ತೂ ಇದ್ದರು. ಇನ್ನೂ ನಾಲ್ಕು ಜನ ಹೆಚ್ಚಿಗೆ ಬಂದಿದ್ದರು.

ದಾರ ಸೆಳೆದ ರಭಸಕ್ಕೆ ಅವನು ಸೊಂಟದವರೆಗೂ ನೀರಿಗೆ ಹೋದ. ನಿನ್ನೆಯದಕ್ಕಿಂತ ದೊಡ್ಡದು ಎಂದು ಕೈಗೇ ಗೊತ್ತಾಯಿತು. ಎಷ್ಟೇ ದೊಡ್ಡದಿರಲಿ, ಕಾಳಮ್ಮ ಕೇಳಿದ್ದು ಇದಲ್ಲ.

"ಎತ್ತು, ಎತ್ತು! ನಾವೂ ನೋಡ್ತೀವಿ!"

ಎತ್ತಬೇಕೆಂಬ ಆಸೆ ಆಗಲಿಲ್ಲವೆಂದರೆ ಸುಳ್ಳು. ತೋಳು ತಾನಾಗಿ ಎದ್ದಿತು. ದನಿಯಿಲ್ಲದ ಆ ಅಳು ಕಿವಿಯಲ್ಲಿತ್ತು, ಅದೇ ತಡೆಯಿತು. ಅವನು ದಾರ ಹಿಡಿದು ಬಾಗಿ, ನೀರೊಳಗೇ ಬೆರಳಾಡಿಸಿ ಗಾಳ ಬಿಡಿಸಿದ. ಏನೋ ಒಂದು ಅವನ ತೊಡೆಗೆ ಬಡಿದು ಹೋಯಿತು.

ಮೆಟ್ಟಿಲ ಮೇಲಿನವರು ಪೆಚ್ಚಾದರು. "ಇವನ ಕೈಲಿ ಆಗ್ಲಿಲ್ಲ, ತಪ್ಪಿಸ್ಕೊಳ್ತು," ಎಂದು ಒಬ್ಬ ನಕ್ಕ. ಚೆಲುವಯ್ಯ ಗಾಳಕ್ಕೆ ಮತ್ತೆ ಮುದ್ದೆಯ ಚೂರು ಸಿಕ್ಕಿಸಿ ಎಸೆದ.

ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಜನರಿಗೆ ಬೇಸರವಾಗಿ ಒಬ್ಬೊಬ್ಬರೇ ಮನೆಗೆ ಹೋದರು. ಬಿಸಿಲು ನೆತ್ತಿಗೆ ಬಂದಾಗ ದಾರ ಮೆಲ್ಲಗೆ ಅಲುಗಿತು.

ಅಂಗೈ ಉದ್ದದ ಗೆಂಡೆ. ಹೊಳೆಯುವ ಕಣ್ಣು. ಕೊಲ್ಲುವಾಗ ಅವನಿಗೆ ಸಂಕಟವಾಯಿತು, ಆದರೂ ಕೈ ತಡೆಯಲಿಲ್ಲ. ಒಂದೇ ಏಟಿಗೆ ಮುಗಿಸಿದ, ಒದ್ದಾಡಲು ಬಿಡಲಿಲ್ಲ. ಎಲೆಯಲ್ಲಿ ಸುತ್ತಿ ಕಾಳಮ್ಮನ ಕೈಗೆ ಕೊಟ್ಟು, ಸಾರು ಕುದಿಯುವವರೆಗೂ ಅವಳ ಅಂಗಳದಲ್ಲೇ ಕುಳಿತಿದ್ದ.

ಮಠಕ್ಕೆ ಬಂದು ಗಾಳ ತೊಳೆದು ಒರೆಸಿದ. ಗುರುಗಳು ಕೇಳಿದರು:

"ಮೊದ್ಲು ಒಂದು ದೊಡ್ಡದು ಬಿದ್ದಿತ್ತಂತೆ. ಎಷ್ಟು ದೊಡ್ಡದು?"

"ನೋಡ್ಲಿಲ್ಲ ಅಯ್ಯಾ."

"ನೋಡ್ಲಿಲ್ವಾ?"

"ನೀರಿಂದ ಎತ್ತಲೇ ಇಲ್ಲ."

ಕೆಂಚಯ್ಯನವರು ಅವನು ಚಾಚಿದ ಗಾಳವನ್ನು ತೆಗೆದುಕೊಳ್ಳದೆ, ನಡುಗುವ ಕೈಯಿಂದ ಅವನ ಬೆರಳುಗಳನ್ನೇ ಅದರ ಮೇಲೆ ಮಡಿಚಿದರು.

ಚೆಲುವಯ್ಯನ ಕಣ್ಣು ತುಂಬಿತು. ಆದರೂ ಶಿಷ್ಯನ ಬಾಯಿ ಸುಮ್ಮನಿರಬೇಕಲ್ಲ!

"ಅಯ್ಯಾ, ಈಗಲಾದ್ರೂ ಹೇಳಿ. ನಾಳೆ ಎಂಥದನ್ನ ಇಟ್ಕೊಳ್ಲಿ, ಎಂಥದನ್ನ ಬಿಡ್ಲಿ?"

"ಬೆಳಿಗ್ಗೆ ಕಾಳಮ್ಮನ ಬಾಗಿಲಲ್ಲಿ ನಿಂತು ಕೇಳಿಸ್ಕೋ," ಎಂದರು ಗುರುಗಳು. "ಕೂಸು ಹೊಟ್ಟೆ ತುಂಬಿ ಮಲಗಿದ್ರೆ, ಗಾಳ ಗೂಟದ ಮೇಲೇ ಇರ್ಲಿ."