ಮೂರು ಸಲ ಬಡಿಸಿಕೊಂಡ ಸಾರು

ಹೊಳೆದಂಡೆಯ ಮಠದಲ್ಲಿ ಕೊಟ್ರಯ್ಯ ಅಂತ ಒಬ್ಬ ಶಿಷ್ಯನಿದ್ದ. ತಲೆಕೆಳಗಾಗಿ ನೇತುಹಾಕಿದರೂ ನೀತಿಶಾಸ್ತ್ರ ಒಪ್ಪಿಸುವಂಥವನು. ಸುಳ್ಳಾಡುವುದಿಲ್ಲ ಅಂತ ಶಪಥ ಬೇರೆ ಮಾಡಿದ್ದ. ಆ ಶಪಥಕ್ಕೆ ಹೆದರಿ ಅವನನ್ನು ಕಂಡರೆ ಊರವರು ದಾರಿ ಬದಲಿಸುತ್ತಿದ್ದರು. ಮಠದ ನಾಯಿ ಕೂಡ.

ಒಂದು ದಿನ ಅವನು ಗುರುವಿನ ಬಳಿ ಬಂದ. ಗುರುವನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು.

"ಅಜ್ಜಾರೇ, ಸತ್ಯ ದೊಡ್ಡದೋ, ದಯೆ ದೊಡ್ಡದೋ?"

"ಹಸಿವು ದೊಡ್ಡದು. ಏಳು, ಉಣ್ಣೋಣ."

ಮಠದ ಅಡುಗೆ ಮುದುಕಿ ರಾಚವ್ವನದು. ಅವಳ ಸಾರಿನ ಘಮಕ್ಕೆ ಆಚೆ ದಡದ ಎಮ್ಮೆಗಳು ಹೊಳೆ ಈಜಿ ಬಂದು ಸಾಲಾಗಿ ಕೂರುತ್ತಿದ್ದವು. ನಂಬದವರು ಎಮ್ಮೆಗಳನ್ನೇ ಕೇಳಿ. ಆದರೆ ಈಗೀಗ ಅವಳಿಗೆ ಮರೆವು.

"ನನ್ನ ಕೈ ತಪ್ಪಿತು ಅಂತ ಪಂಕ್ತಿಯಲ್ಲಿ ಯಾರಾದರೂ ಅಂದ ದಿನ ಸೌಟು ಕೆಳಗಿಟ್ಟು ಹೊರಟುಬಿಡ್ತೀನಿ" ಅಂತ ಮೊನ್ನೆ ತಾನೇ ಅಂದಿದ್ದಳು. ಹೋಗುವುದಕ್ಕೆ ಅವಳಿಗೆ ಬೇರೆ ಮನೆಯಿರಲಿಲ್ಲ.

ದೇವರಿಗೆ ಎಡೆಯಾಗುವ ಮುಂಚೆ ಅಡುಗೆಯ ರುಚಿ ನೋಡುವಂತಿಲ್ಲ. ಅದು ಮಠದ ಪದ್ಧತಿ. ಹಾಗಾಗಿ ಮೊದಲು ಗೊತ್ತಾಗುವುದು ಪಂಕ್ತಿಗೆ ಕೂತವರಿಗೇ.

ಕೊಟ್ರಯ್ಯ ಮೊದಲ ತುತ್ತು ಬಾಯಿಗಿಟ್ಟ. ಕಿವಿಯವರೆಗೂ ಉಪ್ಪೇರಿತು. ರಾಚವ್ವ ಉಪ್ಪನ್ನು ಎರಡೆರಡು ಸಲ ಹಾಕಿದ್ದಳು.

"ರಾಚವ್ವಾ, ಈ ಸಾರು..."

ಅಷ್ಟರಲ್ಲಿ ಅಜ್ಜಾರು ಒಂದು ಇಡೀ ಕಡಬನ್ನು ಅವನ ಬಾಯಿಗೆ ತುರುಕಿದರು.

"ರಾಚವ್ವಾ, ಇತ್ತ ಇನ್ನೊಂದು ಸೌಟು ಹಾಕು."

ಹಾಕಿದಳು. ಉಂಡರು.

"ಇನ್ನೂ ಒಂದು."

ಅದನ್ನೂ ಉಂಡರು. ಅಜ್ಜಾರ ಮುಖ ನೋಡಿ ಪಂಕ್ತಿಯವರೆಲ್ಲ ತೆಪ್ಪಗೆ ಉಂಡೆದ್ದರು. ಕಡಬು ನುಂಗುವುದಕ್ಕೆ ಕೊಟ್ರಯ್ಯನಿಗೆ ಅಷ್ಟು ಹೊತ್ತೂ ಬೇಕಾಯಿತು.

"ಅಜ್ಜಾರೇ, ನೀವು ಸುಳ್ಳಾಡಿದಿರಿ!"

"ಏನಂದೆ ನಾನು? ಹಾಕು ಅಂದೆ."

"ಮೂರು ಸಲ ಬಡಿಸಿಕೊಂಡಿರಲ್ಲ, ಅದೇ ಸುಳ್ಳು! ಮಾತಿಲ್ಲದ ಸುಳ್ಳು!"

"ಇರಬಹುದಪ್ಪ. ದಂಡವನ್ನು ನನ್ನ ನಾಲಿಗೆಯೇ ತೆರುತ್ತಾ ಇದೆ."

"ಈಗಲಾದರೂ ಹೋಗಿ ಹೇಳಲಾ? ಶಪಥ ಗಂಟಲಲ್ಲಿ ಸಿಕ್ಕಿಕೊಂಡಿದೆ."

"ತಡಿ. ಅವಳೂ ಉಣ್ಣಲಿ."

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಒಂದು ನಗೆ ಎದ್ದಿತು ನೋಡಿ, ಹಂಚು ನಡುಗಿ, ಮಾಡಿನ ಪಾರಿವಾಳಗಳೆಲ್ಲ ಪಕ್ಕದ ತಾಲ್ಲೂಕಿಗೆ ಹಾರಿಹೋದವು. ರಾಚವ್ವ ಸೌಟು ಹಿಡಿದೇ ಓಡಿಬಂದಳು.

"ಅಯ್ಯೋ ಅಜ್ಜಾರೇ! ಇದು ಸಾರೋ, ಸಮುದ್ರವೋ? ಮೂರು ಸಲ ಹಾಕಿಸಿಕೊಂಡಿರಲ್ಲ, ನಿಮ್ಮ ಬಾಯಲ್ಲಿರೋದು ನಾಲಿಗೆಯೋ, ಚಪ್ಪಲಿ ಅಟ್ಟೆಯೋ?"

ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಲೋ ಕೊಟ್ರಾ, ನಾಳೆಯಿಂದ ಉಪ್ಪಿನ ಮಡಕೆ ನಿನ್ನ ಹತ್ತಿರ. ನಾನು ಎರಡನೇ ಸಲ ಕೇಳಿದೆನೋ, ಮುಖಕ್ಕೆ ಹೊಡೆದ ಹಾಗೆ ನಿಜ ಹೇಳು. ಅದು ನಿನಗೆ ಚೆನ್ನಾಗಿ ಬರ್ತದೆ!"

ಆ ಸಾರಿನ ಪಾತ್ರೆ ತೊಳೆದ ನೀರು ಹೊಳೆಗೆ ಸೇರಿದ ಮೇಲೆ, ಕಡಲು ಬಂದೇಬಿಟ್ಟಿತು ಅಂತ ಮೀನುಗಳೆಲ್ಲ ಗಾಬರಿಯಾಗಿ ವಾಪಸ್ ತಿರುಗಿದವಂತೆ.

ಕೊಟ್ರಯ್ಯ ಮಾತ್ರ ಬಿಡಲಿಲ್ಲ.

"ಕೊನೆಗೂ ಸತ್ಯ ಹೊರಗೆ ಬಂತಲ್ಲ, ಅಜ್ಜಾರೇ! ಅದನ್ನೇ ನಾನು ಮೊದಲ ತುತ್ತಿಗೇ ಹೇಳಿದ್ದರೆ ಏನಾಗ್ತಿತ್ತು?"

"ಬಂತು. ನಗುತ್ತಾ ಬಂತು. ಈಗ ಆ ನೀರಿನ ಕೊಡ ಇತ್ತ ತಾ."