ಹರಿಗೋಲು ಕೇಳಿದ ಗೆರೆ

ಎರಡು ಸಂಸ್ಥಾನಗಳ ಗಡಿಯಲ್ಲಿ ಒಂದು ಊರಿತ್ತು. ನಡುವೆ ಹೊಳೆ, ಸಂತೆ ಈ ದಡದಲ್ಲಿ, ಹೊಲಗಳು ಆ ದಡದಲ್ಲಿ. ಸರ್ವೆಯವರ ಲೇಖನಿ ಬುರುಜು, ಬಾವಿ, ಹುಣಸೆಮರ ಎಲ್ಲವನ್ನೂ ನಕ್ಷೆಗೆ ಇಳಿಸುತ್ತಿದ್ದಾಗ ಹರಿಗೋಲು ಕೇಳಿತು: “ಸ್ವಾಮಿ, ನನ್ನ ದಾರಿಯನ್ನೂ ಬರೆಯಿರಿ. ಊರು ಒಂದಾಗಿರುವುದೇ ಅದರಿಂದ.”

“ನೀನು ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ. ನಿಂತಲ್ಲೇ ನಿಲ್ಲುವುದನ್ನಷ್ಟೇ ನಾನು ಬರೆಯುವುದು,” ಎಂದು ಲೇಖನಿ ಹೊಳೆಯುದ್ದಕ್ಕೂ ಗಡಿಗೆರೆ ಎಳೆದು ಮುಗಿಸಿತು.

ಮರುವರ್ಷ ಕಾವಲಿನವರು ಬಂದರು. ಅಂಬಿಗ ಹುಲಿಗೆಪ್ಪ ಎಷ್ಟು ಬೇಡಿಕೊಂಡರೂ, “ನಕ್ಷೆಯಲ್ಲಿ ಇಲ್ಲಿ ದಾರಿಯೇ ಇಲ್ಲವಲ್ಲೋ,” ಎಂದು ಹರಿಗೋಲನ್ನು ದಡಕ್ಕೆ ಎಳೆಸಿ ಬೋರಲು ಹಾಕಿಸಿದರು. ಆಚೆ ದಡಕ್ಕೆ ಮದುವೆಯಾಗಿ ಹೋದ ಮಗಳನ್ನು ಅವನು ಕೂಗಿಯೇ ಮಾತಾಡಿಸಬೇಕಾಯಿತು.

ಬಹಳ ವರ್ಷಗಳ ಮೇಲೆ ನಕ್ಷೆ ತಿದ್ದಲು ಅದೇ ಲೇಖನಿ ಬಂತು. ಹರಿಗೋಲಿನ ಚರ್ಮ ಹರಿದು, ಬಿದಿರಿನ ಸಂದಿಯಲ್ಲಿ ಹುಲ್ಲು ಬೆಳೆದಿತ್ತು. ಲೇಖನಿ ಅದರ ಬಳಿ ಬಂದು ಕೇಳಿತು:

“ಹೇಳಪ್ಪಾ, ನಿನ್ನ ದಾರಿ ಎಲ್ಲಿತ್ತು? ಈಗಲಾದರೂ ಬರೆಯುತ್ತೇನೆ.”

“ನೀರಿನ ಮೇಲಿನ ದಾರಿ ಸ್ವಾಮಿ, ಓಡಾಡುವವರೆಗೆ ಮಾತ್ರ ಇತ್ತು. ಈಗ ನಾನು ನಿಂತಿದ್ದೇನೆ, ನನ್ನನ್ನೇ ಬರೆದುಕೊಳ್ಳಿ.”