ಸಾಲೆಯ ದನಿ ನಿಲ್ಲಿಸಿದ ಪಕ್ಕೀರಯ್ಯ

ನಂಬಲಾರದವರು ಈಗಲೇ ಎದ್ದು ಹೋಗಿ. ನಡುವೆ ಎದ್ದರೆ ನಮ್ಮೂರಿಗೆ ಅವಮಾನ ಮಾಡಿದಂತೆ. ಹುಲಿ ಹೊಡೆದವನ ಕತೆ ಯಾವ ಊರಲ್ಲೂ ಸಿಕ್ಕೀತು, ಪಟ್ಟು ಹಾಕಿ ಕೋಣ ಕೆಡವಿದವನ ಕತೆಯೂ ಸಿಕ್ಕೀತು. ಮಕ್ಕಳನ್ನು ಸುಮ್ಮನೆ ಕೂರಿಸಿ ಇಡೀ ಊರನ್ನು ನಡುಗಿಸಿದ ಅಯ್ಯನ ಕತೆ ನಮ್ಮಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಇದೆ ಅನ್ನುವವರು ಆ ಊರಿನ ಹೆಸರು ಹೇಳಲಿ, ನೋಡೋಣ.

ಬಹಳ ಹಿಂದೆ, ಅಜ್ಜನ ಅಜ್ಜನಿಗೂ ಇನ್ನೂ ಮೀಸೆ ಬಾರದ ಕಾಲಕ್ಕೆ, ಎರೆಹೊಲದ ನಡುವೆ ಒಂದು ಊರಿತ್ತು, ಅದೇ ನಮ್ಮೂರು. ಆ ಊರಿಗೊಂದು ಕೂಲಿಮಠ. ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಅಯ್ಯ ಹೇಳಿದ್ದನ್ನು ಎಲ್ಲರೂ ಒಂದೇ ಕೊರಳಲ್ಲಿ ಕೂಗುತ್ತಿದ್ದರು. ಊರವರು ವಿದ್ಯೆ ಅಳೆಯುತ್ತಿದ್ದುದು ಕಿವಿಯಿಂದ. ಕಟ್ಟಕಡೆಯ ಹೊಲದಲ್ಲಿ ಕಳೆ ತೆಗೆಯುವವಳಿಗೂ ಸಾಲೆಯ ದನಿ ಕೇಳಬೇಕು. ಕೇಳಿಸಿದರೆ ಸುಗ್ಗಿಯಲ್ಲಿ ಅಯ್ಯನಿಗೆ ಅವನ ಪಾಲಿನ ಆಯದ ಜೋಳ ಅಳೆಯುತ್ತಿದ್ದರು, ಕೇಳಿಸದಿದ್ದರೆ ಗಂಟು ಕಟ್ಟಿಸಿ ಕಳಿಸುತ್ತಿದ್ದರು. ಅದು ಆ ಊರಿನ ಕಟ್ಟಳೆ, ಹಾಗಂತಾರೆ.

ಅಲ್ಲಿಗೆ ಕಲಿಸುವ ಅಯ್ಯನಾಗಿ ಬಂದವನು ಪಕ್ಕೀರಯ್ಯ. ಹರೆಯದವನು, ಕಂಚಿನ ಕಂಠದವನು. ಅವನು ಬಾಯಿ ತೆಗೆದರೆ ಬೇವಿನ ಮರದ ಕಾಗೆಗಳು ಪಕ್ಕದ ಊರಿಗೆ ಹೋಗಿ ಕೂರುತ್ತಿದ್ದವಂತೆ. ನನ್ನ ಸಾಲೆಯ ಮಕ್ಕಳ ದನಿ ಹಳ್ಳ ದಾಟಿ ಆಚೆ ಊರಿನವರ ನಿದ್ದೆ ಕೆಡಿಸುತ್ತದೆ ಎಂದು ಕಟ್ಟೆಯ ಮೇಲೆ ಕೂತು ಕೊಚ್ಚಿಕೊಳ್ಳುತ್ತಿದ್ದ. ಕೊಚ್ಚಿಕೊಂಡದ್ದನ್ನು ನಿಜ ಮಾಡಬೇಕಲ್ಲ, ಕೂಗಿದ, ಕೂಗಿಸಿದ. ಒಂದು ಬೆಳಿಗ್ಗೆ ಗಂಟಲು ಕಟ್ಟಿತು. ಗಾಳಿಯಷ್ಟೇ ಹೊರಬಂತು.

ಮಕ್ಕಳು ಬಾಯಿ ತೆರೆದು ಕಾದರು. ಅಯ್ಯ ಮೊದಲ ಮಾತು ಹೇಳಲಿಲ್ಲ, ಅವರಿಗೆ ಎರಡನೆಯದು ಬರಲಿಲ್ಲ. ಜಾಣನೆನಿಸಿಕೊಂಡವನನ್ನು ಕರೆದು ಓಲೆಗರಿಯ ನಡುವೆ ಬೆರಳಿಟ್ಟು ತೋರಿಸಿದ. ಹುಡುಗ ಕಣ್ಣು ಮುಚ್ಚಿ ಮೊದಲಿನಿಂದ ಹಾಡುತ್ತ ಬಂದ, ಬೆರಳಿಟ್ಟ ಜಾಗ ದಾಟಿ ಮುಂದೆ ಹೋದ, ತಿಳಿಯಲೇ ಇಲ್ಲ. ಇಷ್ಟು ದಿನ ತಾನು ಕಲಿಸಿದ್ದು ಓದಲ್ಲ, ಬರೀ ಸದ್ದು ಎಂದು ಅವತ್ತು ಪಕ್ಕೀರಯ್ಯನಿಗೆ ಹೊಳೆಯಿತಂತೆ.

ಮಠದ ಗೋಡೆಯಲ್ಲಿ ಒಂದು ಓಲೆಗರಿಯ ಕಟ್ಟು ತೂಗುತ್ತಿತ್ತು. ಹಬ್ಬಹಬ್ಬಕ್ಕೂ ಅದಕ್ಕೆ ಕುಂಕುಮ ಹಚ್ಚುತ್ತಿದ್ದರು, ಬಿಚ್ಚಿದವರಿಲ್ಲ. ಬಿಚ್ಚಿದರೆ ಊರಿನ ವಿದ್ಯೆ ಚೆದುರುತ್ತದೆ ಎಂಬ ಭಯ. ಪಕ್ಕೀರಯ್ಯ ಅದರ ದಾರ ಎಳೆದ. ಒಳಗೆ ಮಂತ್ರವಿರಲಿಲ್ಲ. ಅರಮನೆಗೆ ಕನ್ನ ಹಾಕಲು ಹೋಗಿ ರಾಣಿಯ ಅಡುಗೆಮನೆಯಲ್ಲಿ ಸಿಕ್ಕಿಬಿದ್ದ ಕಳ್ಳನೊಬ್ಬನ ಕತೆಯಿತ್ತು. ಊರಿಗೆ ಊರೇ ಒಬ್ಬ ಕಳ್ಳನಿಗೆ ಕೈಮುಗಿಯುತ್ತ ಬಂದಿತ್ತು.

ಆ ಕತೆ ಯಾರ ಬಾಯಲ್ಲೂ ಇಲ್ಲದ ಕತೆ, ಓದಿಯೇ ತಿಳಿಯಬೇಕು. ಮಗುವಿಗೊಂದು ಗರಿ ಕೊಟ್ಟ. ಕೂಗಬೇಡಿ, ನಿಮ್ಮ ನಿಮ್ಮ ಗರಿ ನೀವೇ ಅಕ್ಷರ ಕೂಡಿಸಿ ಓದಿಕೊಳ್ಳಿ, ಮುಂದೇನಾಯಿತು ಎಂದು ತಿಳಿಯಬೇಕಾದರೆ ಪಕ್ಕದವನ ಗರಿ ಕೇಳಿ ಪಡೆಯಿರಿ ಎಂದು ಸನ್ನೆಯಲ್ಲೇ ತಿಳಿಸಿದ. ಗಂಟಲು ವಾಸಿಯಾದ ಮೇಲೂ ಅವನು ಕೂಗಿಸಲಿಲ್ಲ.

ಊರು ಕಂಗಾಲಾಯಿತು. ಮಗ್ಗಿಯ ದನಿ ಕೇಳಿ ಬುತ್ತಿ ಕಟ್ಟುತ್ತಿದ್ದ ಹೆಂಗಸರಿಗೆ ಹೊತ್ತು ತಿಳಿಯಲಿಲ್ಲ, ಗಂಡಸರು ಹೊಲದಲ್ಲಿ ಹಸಿದು ಕೂತರು. ಸಾಲೆಯಲ್ಲಿ ಯಾರೋ ತೀರಿಕೊಂಡರೆಂದು ಒಬ್ಬಾಕೆ ಎದೆ ಬಡಿದುಕೊಳ್ಳುತ್ತ ಓಡಿಬಂದಳು. ಬಂದು ನೋಡಿದರೆ ಮಕ್ಕಳು ತಲೆ ತಗ್ಗಿಸಿ ಕೂತಿದ್ದಾರೆ, ಅಯ್ಯ ಮೂಲೆಯಲ್ಲಿ ಬೆವರುತ್ತಿದ್ದಾನೆ. ಕಟ್ಟು ಬಿಚ್ಚಿದ ಸುದ್ದಿಯೂ ಹಬ್ಬಿತು. ಊರಿನ ಯಜಮಾನ ಕಲ್ಲನಗೌಡ ಹೇಳಿಕಳಿಸಿದ: ಸುಗ್ಗಿ ಮುಗಿಯುವುದರೊಳಗೆ ಚಾವಡಿಯಲ್ಲಿ ಓದಿಸಿ ತೋರಿಸಬೇಕು, ಇಲ್ಲವಾದರೆ ಆಯವೂ ಇಲ್ಲ, ಊರೂ ಇಲ್ಲ.

ಪಕ್ಕೀರಯ್ಯನ ಹೆಂಡತಿ ಮುರಿಗೆಮ್ಮ ತುಂಬು ಬಸುರಿ. ಇಬ್ಬರಿಗೂ ಮಠದ ಪಡಸಾಲೆಯೇ ಮನೆ. ಹೊರಗೆ ಹಾಕಿದರೆ ಯಾವ ಮರದ ಕೆಳಗೆ ಹೆರಲಿ ಎಂದು ಅವಳು ಒಮ್ಮೆ ಮಾತ್ರ ಕೇಳಿದಳಂತೆ, ಮತ್ತೆ ಕೇಳಲಿಲ್ಲ. ಅವಳು ಕೇಳದಿದ್ದುದೇ ಅವನಿಗೆ ಹೆಚ್ಚು ಸುಟ್ಟಿತು. ಎಷ್ಟೋ ಸಲ ಕೂಗಿಸಿಬಿಡೋಣ ಎಂದು ಬಾಯಿ ತೆರೆದ. ಮಕ್ಕಳು ತುಟಿ ಅಲ್ಲಾಡಿಸುತ್ತ ಕೂತದ್ದು ಕಂಡು ಮುಚ್ಚಿದ.

ಆ ದಿನ ಬಂತು. ಚಾವಡಿ ತುಂಬಿತು. ಅಯ್ಯನ ಗಂಟು ಹೊರಲು ಕತ್ತೆ ಬೇಕೋ ಎತ್ತು ಸಾಕೋ ಎಂದು ಹಿಂದಿನಿಂದ ಯಾರೋ ಕಿಚಾಯಿಸಿದರು. ಜಾಣ ಹುಡುಗರು ಮುಂದೆ ಬಂದು ನಿಂತರು. ಗೌಡ ಅವರನ್ನೆಲ್ಲ ಸರಿಸಿ ತನ್ನ ಮೊಮ್ಮಗ ಅಂದಾನಿಯನ್ನು ಕರೆದ. ಅಂದಾನಿ ಎಂದರೆ ಒಂದು ವಚನವೂ ನೆನಪಿನಲ್ಲಿ ನಿಲ್ಲದವನು, ಊರೆಲ್ಲ ಮೊದ್ದು ಎನ್ನುತ್ತಿದ್ದವನು.

"ಇವಂಗ ಬಾಯಿಪಾಠ ಅನ್ನೂದು ಹತ್ತಂಗಿಲ್ಲ," ಅಂದ ಗೌಡ. "ಇವ ಓದಿದರ ಅದು ಓದಽ."

ಕಳ್ಳನ ಕತೆಯ ಗರಿಗಳನ್ನು ಕಲಸಿ, ನಡುವಿನಿಂದ ಒಂದನ್ನೆಳೆದು ಮೊಮ್ಮಗನ ಕೈಗಿಟ್ಟ.

ಅಂದಾನಿ ಗರಿ ನೋಡಿದ. ಸುಮ್ಮನೆ ನಿಂತ. ಜನ ಕಾದರು. ಅವನು ಸುಮ್ಮನೆಯೇ ನಿಂತ. ಮುದುಕರು ಕೆಮ್ಮಿದರು, ಹೆಂಗಸರು ಸೆರಗಿನ ಮರೆಯಲ್ಲಿ ಪಿಸುಗುಟ್ಟಿದರು. ಗೌಡನ ಮುಖ ಕಪ್ಪಿಟ್ಟಿತು. ಕಂಬಕ್ಕೆ ಆತು ನಿಂತ ಪಕ್ಕೀರಯ್ಯನಿಗೆ ಕಾಣುತ್ತಿದ್ದುದು ಗಂಟುಮೂಟೆ, ಬಿಸಿಲ ದಾರಿ, ಹೊಟ್ಟೆ ಹಿಡಿದು ನಡೆಯುವ ಮುರಿಗೆಮ್ಮ. ಒಂದೇ ಒಂದು ಅಕ್ಷರ ಎತ್ತಿಕೊಡಲು ಅವನ ನಾಲಿಗೆ ಎದ್ದಿತು. ಹಲ್ಲು ಕಚ್ಚಿ ಹಿಡಿದ.

ಆಗ ಅಂದಾನಿ ಕಿಸಕ್ಕೆಂದು ನಕ್ಕ. ಗರಿ ತಿರುವಿದ. ಮತ್ತೆ ನಕ್ಕ, ಹೊಟ್ಟೆ ಹಿಡಿದು ನಕ್ಕ. ತಲೆಯೆತ್ತಿ ಊರು ನೆರೆದಿರುವುದನ್ನೇ ಮರೆತವನಂತೆ ಕೇಳಿದ:

"ಯಜ್ಜಾ, ಇದರ ಮುಂದಿನ ಗರಿ ಯಾರ ಹಂತ್ಯಾಕ ಐತಿ?"

ಏನೈತಿ ಅದರಾಗ ಎಂದು ಗೌಡ ಗದರಿದ. ಕಳ್ಳ ಅಡಗಲು ಹೋಗಿ ಹಿಟ್ಟಿನ ಹರಿವಿಯಲ್ಲಿ ಬಿದ್ದಾನೆ, ಮೈಯೆಲ್ಲ ಬೆಳ್ಳಗಾದವನನ್ನು ಅತ್ತೆಯ ದೆವ್ವವೆಂದು ತಿಳಿದು ರಾಣಿ ಅಡ್ಡಬಿದ್ದಿದ್ದಾಳೆ, ಎದ್ದಳೋ ಇಲ್ಲವೋ ಮುಂದಿನ ಗರಿಯಲ್ಲಿದೆ, ಅಂದ ಅಂದಾನಿ. ಬೇಕಾದರೆ ಕೇಳಿ ಎಂದು ಗರಿಯ ಮೇಲೆ ಬೆರಳಿಟ್ಟು ಜೋರಾಗಿ ಓದಿಯೂ ತೋರಿಸಿದ. ಚಾವಡಿಯಲ್ಲಿ ಕಿಚಾಯಿಸಿದವನೇ ಮೊದಲು ಕೂಗಿದನಂತೆ, ಮುಂದಿನ ಗರಿ ಹುಡುಕ್ರೋ ಎಂದು. ಅಯ್ಯನನ್ನು ಓಡಿಸಲು ಬಂದವರು ಹೊತ್ತು ಮುಳುಗುವ ತನಕ ಕದಲಲಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಪಾಲಿನ ಗರಿ ಓದಿದರು. ಪಕ್ಕೀರಯ್ಯ ಮಾತ್ರ ಕಂಬ ಬಿಟ್ಟು ಬರಲಿಲ್ಲ.

ಈಗಲೂ ನಮ್ಮೂರ ಸಾಲೆಗೆ ಮಗುವನ್ನು ಸೇರಿಸುವ ದಿನ ಯಾರೂ ಓಂ ನಾಮ ಕೂಗಿಸುವುದಿಲ್ಲ. ಕೈಗೊಂದು ಪುಸ್ತಕ ಕೊಟ್ಟು, ಮಗು ತಾನಾಗಿ ತಲೆಯೆತ್ತುವವರೆಗೆ ಹಿರಿಯರೆಲ್ಲ ಬಾಯಿ ಮುಚ್ಚಿ ಕೂರುತ್ತಾರೆ. ನಡುವೆ ಕೆಮ್ಮಿದವನು ಎಲ್ಲರಿಗೂ ಬೆಲ್ಲ ಹಂಚಬೇಕು. ಸಾಲೆಯ ಮುಂದೆ ಹಾಯುವಾಗ ಎತ್ತಿನ ಕೊರಳ ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದು ಹಾಯುತ್ತಾರೆ. ಬಂದು ನೋಡಿ, ಆಮೇಲೆ ಮಾತಾಡಿ.

ಆ ಸುಗ್ಗಿಯಲ್ಲಿ ಊರವರು ಪಕ್ಕೀರಯ್ಯನಿಗೆ ಆಯದ ಜೋಳ ಕೊಟ್ಟರು. ಹಳ್ಳದ ದಂಡೆಯಲ್ಲಿ ಒಂದು ಅಂಕಣದ ಪುಟ್ಟ ಮನೆಯನ್ನೂ ಕೊಟ್ಟರು.